ಸುಣ್ಣ, ಕೆಮ್ಮಣ್ಣು, ಹಳೆಯ ಸೀರೆ: ಕಡಿಮೆ ಕಾಸಿನ ಅಲಂಕಾರದ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಖರ್ಚಿನ ಬಗ್ಗೆ ಎಚ್ಚರಿಸುತ್ತದೆ. ಕಟ್ಟಿದ ಮನೆಯನ್ನು ವರ್ಷವರ್ಷವೂ ಚೆಂದವಾಗಿ ಇಟ್ಟುಕೊಳ್ಳುವ ಕಷ್ಟವನ್ನು ಮಾತ್ರ ಅದು ಹೇಳುವುದಿಲ್ಲ. ಗೋಡೆ ಮಾಸುತ್ತದೆ, ಮಣ್ಣಿನ ನೆಲ ಕಿತ್ತೇಳುತ್ತದೆ, ಒಲೆಯ ಹೊಗೆಗೆ ತೊಲೆ ಜಂತಿಗಳು ಕಪ್ಪಾಗುತ್ತವೆ. ಕಿಟಕಿ ಚಿಕ್ಕದಾದರೆ ಹಗಲಲ್ಲೂ ನಡುಮನೆಯಲ್ಲಿ ಕತ್ತಲು. ಕೈಯಲ್ಲಿ ಕಾಸಿಲ್ಲದ ಕುಟುಂಬಗಳು ಈ ತೊಂದರೆಗಳನ್ನು ಹೇಗೆ ನಿಭಾಯಿಸಿದವು ಎಂದು ಹುಡುಕುತ್ತಾ ಹೋದರೆ ಕನ್ನಡ ನಾಡಿನ ಗೃಹಾಲಂಕಾರದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಇಂದು ಕಲೆ ಎಂದು ಮೆಚ್ಚುವ ಹಲವು ಸಂಗತಿಗಳು ಆರಂಭದಲ್ಲಿ ರಿಪೇರಿಗಳೇ ಆಗಿದ್ದವು.

ಮೊದಲ ತೊಂದರೆ ಕತ್ತಲು. ಅದಕ್ಕೆ ಅಗ್ಗದ ಮದ್ದು ಸುಣ್ಣ. ಒಳನಾಡಿನಲ್ಲಿ ಸುಣ್ಣದ ಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪುಗಳನ್ನೂ ಗೂಡಿನಲ್ಲಿ ಸುಟ್ಟು ಸುಣ್ಣ ತಯಾರಿಸುತ್ತಿದ್ದರು. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಅದನ್ನು ಸೋಸಿ, ಕೈಗೆ ಹತ್ತದಿರಲೆಂದು ತುಸು ಅಂಟು ಬೆರೆಸಿ, ಬೆಳ್ಳಗೆ ಹೊಳೆಯಲೆಂದು ಚಿಟಿಕೆ ನೀಲಿ ಹಾಕಿ, ನಾರಿನ ಕುಂಚದಿಂದ ಬಳಿಯುತ್ತಿದ್ದರು. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ. ಅದು ಕ್ಷಾರವಾದ್ದರಿಂದ ಬೂಸ್ಟು ಸುಲಭವಾಗಿ ಹಿಡಿಯುವುದಿಲ್ಲ. ಬಿಳಿ ಗೋಡೆ ಬೆಳಕನ್ನು ಚೆಲ್ಲುವುದರಿಂದ ಒಂದೇ ದೀಪ ಇಡೀ ಕೋಣೆಗೆ ಸಾಕಾಗುತ್ತಿತ್ತು. ಹಬ್ಬದ ಮುನ್ನ ಸುಣ್ಣ ಬಳಿಯುವುದು ಹೀಗೆ ಸಂಪ್ರದಾಯವೂ ಹೌದು, ಶುಚಿತ್ವದ ಏರ್ಪಾಡೂ ಹೌದು.

ಬಿಳಿ ಗೋಡೆಗೆ ಅದರದೇ ಆದ ತೊಂದರೆಯಿದೆ. ಬುಡದಲ್ಲಿ ಕೊಳೆ ಬೇಗ ಕಾಣುತ್ತದೆ. ಮಳೆಯ ಹನಿ ಸಿಡಿದು ಕೆಸರು ಹತ್ತುತ್ತದೆ, ನೆಲ ಸಾರಿಸುವಾಗ ಸಗಣಿ ನೀರು ತಗಲುತ್ತದೆ, ಒರಗಿ ಕೂತವರ ತಲೆಯ ಎಣ್ಣೆ ಅಂಟುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಕೆಮ್ಮಣ್ಣಿನ ಪಟ್ಟೆ. ಗೋಡೆಯ ಬುಡಕ್ಕೆ ಕೆಂಪು ಬಳಿದು, ಅದರ ಅಂಚಿಗೆ ಬಿಳಿಯ ಗೆರೆ ಎಳೆದರೆ ಕೊಳೆ ಮರೆಯಾಗುತ್ತದೆ, ನೋಟವೂ ಕಳೆಗಟ್ಟುತ್ತದೆ. ಸುಣ್ಣ, ಕಾರಣೆ ಎಂಬ ಜೋಡಿ ಮಾತು ಹುಟ್ಟಿದ್ದು ಇಂಥ ಅಲಂಕಾರದಿಂದಲೇ.

ನೆಲದ ಕಥೆಯೂ ಬೇರೆಯಲ್ಲ. ಮಣ್ಣಿನ ನೆಲದ ಶತ್ರು ಧೂಳು. ಸಗಣಿಯಲ್ಲಿರುವ ಸಣ್ಣ ನಾರುಗಳು ಮೇಲ್ಪದರದ ಮಣ್ಣನ್ನು ಹಿಡಿದಿಡುತ್ತವೆ. ಇದ್ದಿಲ ಪುಡಿ ಬೆರೆಸಿ ಸಾರಿಸಿದರೆ ನೆಲಕ್ಕೆ ಕಡುಗಪ್ಪು ಬಣ್ಣ ಬರುತ್ತದೆ, ಅದರ ಮೇಲೆ ರಂಗೋಲಿ ಎದ್ದು ಕಾಣುತ್ತದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು 20ನೇ ಶತಮಾನದಲ್ಲಿ ಇಲ್ಲಿನ ಊರೂರಿಗೂ ಬಂದಾಗ ಧೂಳಿನ ತೊಂದರೆಗೆ ಶಾಶ್ವತ ಪರಿಹಾರ ಸಿಕ್ಕಿತು. ಆದರೆ ಬೂದು ಬಣ್ಣದ ನೆಲ ಯಾರಿಗೂ ಹಿಡಿಸಲಿಲ್ಲ. ಅಮೃತಶಿಲೆಗೆ ಹಣವಿಲ್ಲ. ಆಗ ಗಾರೆ ಕೆಲಸದವರು ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಹಸಿ ಗಾರೆಯ ಮೇಲೆ ಹರಡಿ, ಕರಣೆಯಿಂದ ಮತ್ತೆ ಮತ್ತೆ ತೀಡಿ ನುಣುಪು ಮಾಡಿದರು. ಹಲವು ದಿನ ನೀರು ನಿಲ್ಲಿಸಿ, ಒಣಗಿದ ಮೇಲೆ ಎಣ್ಣೆಯನ್ನೋ ಮೇಣವನ್ನೋ ತಿಕ್ಕಿದರೆ ಮುಖ ಕಾಣುವಷ್ಟು ಹೊಳಪು. ಈ ಪುಡಿ ಕಬ್ಬಿಣದ ಆಕ್ಸೈಡು. ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ. ಅಜ್ಜಿಯ ಕಾಲದ ಬಣ್ಣ ಸಿಮೆಂಟಿನ ಕಾಲಕ್ಕೂ ದಾಟಿ ಬಂದದ್ದು ಹೀಗೆ.

ಛಾವಣಿಯಲ್ಲೂ ಬದಲಾವಣೆಯಾಯಿತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ನಾಡಿನಾದ್ಯಂತ ಹರಡಿತು. ಅದೇ ಅಳತೆಯ ಗಾಜಿನ ಹೆಂಚು ಬಂದಾಗ ಕತ್ತಲ ಕೋಣೆಗೆ ಇನ್ನೊಂದು ಮದ್ದು ದೊರೆಯಿತು. ಗೋಡೆ ಒಡೆದು ಕಿಟಕಿ ಇಡಬೇಕಾಗಿಲ್ಲ. ಒಂದು ಹೆಂಚು ತೆಗೆದು ಗಾಜಿನದನ್ನು ಕೂರಿಸಿದರೆ ಅಡುಗೆಮನೆಗೆ ಬೆಳಕಿನ ಕೋಲು ಇಳಿಯುತ್ತದೆ.

ಬರಿಯ ಗೋಡೆಯನ್ನು ತುಂಬುವುದು ಇನ್ನೊಂದು ಸಮಸ್ಯೆ. ಅರಮನೆಗಳಿಗೆ ಇದಕ್ಕೆ ಶಾಸ್ತ್ರವೇ ಇತ್ತು. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಎಮ್ಮೆಯ ಚರ್ಮವನ್ನು ಬೇಯಿಸಿ ವಜ್ರಲೇಪ ಮಾಡುವ, ಅದರಿಂದ ಗೋಡೆಯನ್ನು ಚಿತ್ರಕ್ಕೆ ಹದಗೊಳಿಸುವ ವಿಧಾನದ ವರ್ಣನೆಯಿದೆ. ಇಷ್ಟು ಸಿದ್ಧತೆ ರೈತನ ಮನೆಗೆ ಎಟುಕುವಂಥದಲ್ಲ. ಸಾಗರ, ಸೊರಬ ಕಡೆಯ ದೀವರ ಹೆಂಗಸರು ತಮ್ಮ ದಾರಿಯನ್ನು ತಾವೇ ಕಂಡುಕೊಂಡರು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದು ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತರಬೇಕಾದದ್ದು ಏನೂ ಇಲ್ಲ. ಮದುವೆಯ ಸಮಯದಲ್ಲಿ ಗೋಡೆಯ ಮೇಲೆ ಮೂಡುವ ಈ ಹಸೆ ಚಿತ್ತಾರದ ಗೆರೆಗಳ ಲೆಕ್ಕಾಚಾರ ಮಾತ್ರ ಬಲು ಬಿಗಿ.

ಪೇಟೆಯ ಮನೆಗಳಿಗೆ ಬೇರೊಂದು ದಾರಿ ತೆರೆಯಿತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಹೊರಬಂದವು. ಅರಮನೆಗೆ ಸೀಮಿತವಾಗಿದ್ದ ಚಿತ್ರ ಗುಮಾಸ್ತನ ನಡುಮನೆಗೂ ಬಂತು. ಮುಂದೆ ಕ್ಯಾಲೆಂಡರುಗಳು ಆ ಕೆಲಸವನ್ನು ಪುಕ್ಕಟೆಯಾಗಿಯೇ ಮಾಡಿದವು. ವರ್ಷ ಮುಗಿದರೂ ದೇವರ ಪಟವನ್ನು ಎಸೆಯದೆ ಕತ್ತರಿಸಿ ಕಟ್ಟು ಹಾಕಿಸುವುದು ಎಷ್ಟೋ ಮನೆಗಳ ವಾಡಿಕೆಯಾಯಿತು.

ಹಾಸಿಗೆ ಹೊದಿಕೆಗಳಲ್ಲೂ ಇದೇ ಜಾಣತನ. ಸವೆದ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿದರೆ ಉತ್ತರ ಕರ್ನಾಟಕದ ಕೌದಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೈಯಲ್ಲಿ ಅದೇ ಕವಂದಿ. ಅಂಚಿನಿಂದ ನಡುವಿನತ್ತ ಹೊಲಿಯುತ್ತಾ ಸಾಗಿ, ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಿಚಿದ ‘ಫುಲಾ’ ಇಡದಿದ್ದರೆ ಅವರ ಪಾಲಿಗೆ ಕವಂದಿ ಪೂರ್ತಿಯಾದಂತಲ್ಲ. ಚಳಿಗೆ ಹೊದಿಕೆ ಬೇಕಿತ್ತು, ಹಳೆಯ ಬಟ್ಟೆಗೆ ಗತಿ ಬೇಕಿತ್ತು. ಎರಡೂ ಸೇರಿ ಬಣ್ಣದ ಹಬ್ಬವಾಯಿತು.

ಇಷ್ಟೆಲ್ಲ ಅಗ್ಗವಾಗಿ ಆದದ್ದು ಹೇಗೆ? ಮಣ್ಣು, ಅಕ್ಕಿ, ಸಗಣಿ, ಹಳೆ ಬಟ್ಟೆ ಅಗ್ಗ ಎಂಬುದು ಅರ್ಧ ಉತ್ತರ. ನೆಲ ಸಾರಿಸಿದ್ದು, ಅಕ್ಕಿ ಅರೆದದ್ದು, ಕೌದಿ ಹೊಲಿದದ್ದು ಹೆಂಗಸರು. ಹಲವು ಮನೆಗಳಲ್ಲಿ ಕಾರಣೆ ಬಳಿದವರೂ ಅವರೇ. ಮೊಣಕಾಲೂರಿ ನೆಲ ಸಾರಿಸುವ ಕೆಲಸ ಕೆಲವೇ ದಿನಗಳಿಗೊಮ್ಮೆ ಮತ್ತೆ ಎದುರಾಗುತ್ತಿತ್ತು. ಒಂದು ಕೌದಿಗೆ ವಾರಗಟ್ಟಲೆ ಹೊಲಿಗೆ ಹಿಡಿಯುತ್ತಿತ್ತು. ಈ ದುಡಿಮೆಗೆ ಯಾವ ಮನೆಯ ಜಮಾಖರ್ಚಿನ ಪುಸ್ತಕದಲ್ಲೂ ಕಲಮು ಇರಲಿಲ್ಲ. ಅಲಂಕಾರ ಅಗ್ಗವಾಗಿ ಕಂಡದ್ದು ಅದಕ್ಕೇ.

ಆದ್ದರಿಂದ ಹೊಸ ವಸ್ತುಗಳು ಬಂದಾಗ ಹೆಂಗಸರು ಅವನ್ನು ಬರಮಾಡಿಕೊಂಡದ್ದರಲ್ಲಿ ಅಚ್ಚರಿಯಿಲ್ಲ. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಬರೆದ, ಕೈಯಲ್ಲಿ ಕುಂಚ ಹಿಡಿದ ತುಂಟ ಹುಡುಗ ‘ಗಟ್ಟು’ ಬಣ್ಣದ ಡಬ್ಬಿಯನ್ನು ಮಧ್ಯಮ ವರ್ಗದ ಮನೆಮಾತಾಗಿಸಿದ. ಡಿಸ್ಟೆಂಪರ್ ಬಳಿದ ಗೋಡೆಗೆ ವರ್ಷವರ್ಷ ಕುಂಚ ತಗಲಬೇಕಿಲ್ಲ. ಸಿಮೆಂಟಿನ ನೆಲಕ್ಕೆ ಸಗಣಿ ಬೇಡ, ಒರೆಸಿದರೆ ಸಾಕು. ಸೌಂದರ್ಯಕ್ಕಿಂತ ಬಿಡುವು ದೊಡ್ಡದೆಂದು ಬೆನ್ನು ನೋವಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊಸದು ಎಲ್ಲ ಗೋಡೆಗೂ ಒಗ್ಗಲಿಲ್ಲ ಎಂಬುದೂ ನಿಜ. ಮಣ್ಣಿನ ಗೋಡೆ, ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಹೀರಿ ಮೈಯಿಂದ ಹೊರಬಿಡುತ್ತವೆ. ಸುಣ್ಣ ಅದಕ್ಕೆ ಅಡ್ಡಿಯಾಗದು. ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಕಳಚುತ್ತದೆ. ಮತ್ತೆ ಮತ್ತೆ ದುಬಾರಿ ಬಣ್ಣ ಬಳಿಸಿ ಸೋತ ಹಳೆಯ ಮನೆಗಳಿಗೆ ಕೊನೆಗೂ ತಕ್ಕ ಮದ್ದು, ತೇವದ ಮೂಲ ಹುಡುಕಿ ಸರಿಪಡಿಸಿ ಸುಣ್ಣಕ್ಕೆ ಮರಳುವುದೇ.

ಈಗ ಕಾಲ ಒಂದು ಸುತ್ತು ಬಂದಿದೆ. ನಗರಗಳ ಹೊಸ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲವನ್ನು ಆಸೆಪಟ್ಟು ಹಾಕಿಸುತ್ತಾರೆ, ಚಿತ್ತಾರಕ್ಕೆ ಚೌಕಟ್ಟು ಹಾಕಿಸಿ ತೂಗುಬಿಡುತ್ತಾರೆ, ಕೌದಿಯನ್ನು ಬೆಲೆ ಕೊಟ್ಟು ಕೊಳ್ಳುತ್ತಾರೆ. ಬಡವರ ಉಪಾಯಗಳು ಇಷ್ಟು ದುಬಾರಿಯಾದವಲ್ಲ ಎಂದು ಗೊಣಗುವವರಿದ್ದಾರೆ. ಆದರೆ ಕೆಮ್ಮಣ್ಣಾಗಲಿ ಹಳೆಯ ಸೀರೆಯಾಗಲಿ ಇಂದಿಗೂ ದುಬಾರಿಯಲ್ಲ. ಅಂದು ಲೆಕ್ಕಕ್ಕೇ ಬಾರದಿದ್ದ ಕೈಗಳಿಗೆ ಇಂದು ಕೂಲಿ ಕೊಡಬೇಕಾಗಿದೆ, ಅಷ್ಟೆ.