ಬೆಂಗಳೂರಿನಲ್ಲಿ ಗೃಹಬಳಕೆಯ ವಿದ್ಯುತ್ ದರ

ಬೆಂಗಳೂರಿನಲ್ಲಿ ಗೃಹಬಳಕೆಯ ವಿದ್ಯುತ್ ದರವೆಂದರೆ, ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ, ಮನೆಗಳಿಗೆ ಪೂರೈಸುವ ವಿದ್ಯುತ್ತಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಪಡಿಸುವ ಬೆಲೆ. ಬ್ರಿಟನ್ನಿನ ಗ್ರಾಹಕನಂತೆ ಬಸವನಗುಡಿಯ ಗ್ರಾಹಕನು ತನಗೆ ಒಪ್ಪಿದ ಕಂಪನಿಯನ್ನು ಆರಿಸಿಕೊಳ್ಳಲಾರನು. ಆದರೆ ಬೆಸ್ಕಾಂ ತಾನು ಮಾರುವ ವಿದ್ಯುತ್ತಿನ ಒಂದು ಭಾಗವನ್ನು ಮುಕ್ತ ಮಾರುಕಟ್ಟೆಯಲ್ಲಿ ಕೊಳ್ಳುವುದರಿಂದ ಅಲ್ಲಿನ ಏರಿಳಿತವು ಮನೆಯ ಬಿಲ್ಲನ್ನೂ ಮುಟ್ಟುತ್ತದೆ.

ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಬಂದಿತು. ಸ್ವಾತಂತ್ರ್ಯಾನಂತರ ಬಹುಕಾಲ ಸಾಗಣೆ, ವಿತರಣೆಗಳೆರಡೂ ಸರ್ಕಾರಿ ವಿದ್ಯುತ್ ಮಂಡಳಿಯ ಕೈಯಲ್ಲಿದ್ದವು. ಹಳಬರು ಇಂದಿಗೂ ಬೆಸ್ಕಾಂ ಕಚೇರಿಯನ್ನು 'ಕೆ.ಇ.ಬಿ.' ಎಂದೇ ಕರೆಯುತ್ತಾರೆ. 1999ರ ವಿದ್ಯುತ್ ಸುಧಾರಣಾ ಕಾಯಿದೆಯಿಂದ ಮಂಡಳಿ ಒಡೆಯಿತು. 2002ರ ಜೂನ್‌ನಲ್ಲಿ ಬೆಸ್ಕಾಂ ಕಾರ್ಯಾರಂಭ ಮಾಡಿತು. ಕೇಂದ್ರದ 2003ರ ವಿದ್ಯುಚ್ಛಕ್ತಿ ಕಾಯಿದೆಯು ಉಷ್ಣವಿದ್ಯುತ್ ಉತ್ಪಾದನೆಯನ್ನು ಪರವಾನಗಿಯಿಂದ ಬಿಡುಗಡೆಗೊಳಿಸಿ, ದೊಡ್ಡ ಗ್ರಾಹಕರು ಬೇರೆಡೆಯಿಂದ ನೇರವಾಗಿ ವಿದ್ಯುತ್ ಕೊಳ್ಳಲು ದಾರಿ ಮಾಡಿತು. ಮನೆಗಳಿಗೆ ಆ ದಾರಿ ತೆರೆದಿಲ್ಲ.

ಖರೀದಿ ವೆಚ್ಚ

ದರದಲ್ಲಿ ಅತಿ ದೊಡ್ಡ ಪಾಲು ವಿದ್ಯುತ್ ಖರೀದಿಯದು. ಶರಾವತಿಯಂತಹ ಹಳೆಯ ಜಲವಿದ್ಯುದಾಗಾರಗಳ ವಿದ್ಯುತ್ತು ಅಗ್ಗ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲವಾದ್ದರಿಂದ ರಾಯಚೂರು, ಬಳ್ಳಾರಿಗಳ ಉಷ್ಣಸ್ಥಾವರಗಳ ವೆಚ್ಚದಲ್ಲಿ ರೈಲು ಬಾಡಿಗೆಯೂ ಸೇರುತ್ತದೆ. ಮಳೆ ಕೈಕೊಟ್ಟ 2023ರಂತಹ ವರ್ಷದಲ್ಲಿ ಜಲಾಶಯದ ನೀರನ್ನು ಬೇಸಿಗೆಗೆ ಉಳಿಸಬೇಕಾಗುತ್ತದೆ. ಕೊರತೆಯನ್ನು ಹೊರಗಿನಿಂದ ತುಂಬಬೇಕು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ 15 ನಿಮಿಷಕ್ಕೊಂದು ಬೆಲೆ ನಿರ್ಧಾರವಾಗುತ್ತದೆ. ಪಾವಗಡದಂತಹ ಸೌರ ಉದ್ಯಾನಗಳು ಉತ್ಪಾದಿಸುವ ಮಧ್ಯಾಹ್ನ ಅದು ಇಳಿದಿರುತ್ತದೆ, ಮನೆಮನೆಯಲ್ಲೂ ದೀಪ ಹತ್ತುವ ಸಂಜೆ ಏರುತ್ತದೆ. ಅಂದಾಜಿಗೂ ನಿಜವಾದ ವೆಚ್ಚಕ್ಕೂ ಇರುವ ಅಂತರವು ಇಂಧನ ಹೊಂದಾಣಿಕೆ ಶುಲ್ಕವಾಗಿ ಬಿಲ್ಲಿಗೆ ಬರುತ್ತದೆ.

ನಿಗದಿತ ಶುಲ್ಕ

ತಂತಿ, ಪರಿವರ್ತಕ, ಸಿಬ್ಬಂದಿಗಳ ವೆಚ್ಚಕ್ಕಾಗಿ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ಇಷ್ಟೆಂದು ವಸೂಲಾಗುವ ಮೊತ್ತವಿದು. ಪತ್ರಿಕೆಗಳ ತಲೆಬರಹದಲ್ಲಿ ಇದು ಕಾಣಿಸುವುದು ಅಪರೂಪ; ಜೇಬಿಗೆ ತಟ್ಟುವುದು ಮಾತ್ರ ಹೆಚ್ಚಾಗಿ ಇದೇ. 2025ರ ಏಪ್ರಿಲ್‌ನಿಂದ ಗೃಹಬಳಕೆಯ ಯೂನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿಯಿತು. ಅದೇ ಆದೇಶದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ನೌಕರರ ಪಿಂಚಣಿ, ಉಪದಾನಗಳಿಗೆಂದು ಯೂನಿಟ್‌ಗೆ 36 ಪೈಸೆಯೂ ಕೂಡಿತು. 3 ಕಿಲೋವ್ಯಾಟ್ ಮಂಜೂರಾತಿಯುಳ್ಳ, ತಿಂಗಳಿಗೆ 250 ಯೂನಿಟ್ ಬಳಸುವ ಮನೆಯನ್ನು ತೆಗೆದುಕೊಳ್ಳೋಣ. ತೆರಿಗೆ ಮತ್ತು ಇಂಧನ ಹೊಂದಾಣಿಕೆಗಳನ್ನು ಬಿಟ್ಟರೆ, ಮೊದಲು 360 ಮತ್ತು 1,475 ಸೇರಿ 1,835 ರೂಪಾಯಿ. ಬಳಿಕ 435, 1,450 ಮತ್ತು 90 ಸೇರಿ 1,975 ರೂಪಾಯಿ. ದರ ಇಳಿದು ಬಿಲ್ಲು 140 ರೂಪಾಯಿ ಏರಿದಂತಾಯಿತು. ಮಕ್ಕಳು ಹೊರದೇಶದಲ್ಲಿದ್ದು ಬೀಗ ಹಾಕಿರುವ ಮಲ್ಲೇಶ್ವರದ ಮನೆಯಲ್ಲಿ ದೀಪ ಉರಿಯದಿದ್ದರೂ ಈ ಶುಲ್ಕ ತಪ್ಪದು.

ಸಹಾಯಧನ

ವಾಣಿಜ್ಯ ಗ್ರಾಹಕರಿಂದ ಹೆಚ್ಚು ಪಡೆದು ಇತರರ ದರವನ್ನು ತಗ್ಗಿಸುವುದಕ್ಕೆ ಅಡ್ಡ ಸಹಾಯಧನವೆಂದು ಹೆಸರು. ದೊಡ್ಡ ಗ್ರಾಹಕರು ಹೊರಗಿನಿಂದ ಕೊಳ್ಳತೊಡಗಿದಷ್ಟೂ ಈ ಆಸರೆ ಕುಗ್ಗುತ್ತದೆ. ಆ ನಷ್ಟಕ್ಕಾಗಿಯೇ ಅವರ ಮೇಲೆ ಅಧಿಭಾರವಿದೆ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳ ಉಚಿತ ವಿದ್ಯುತ್ತಿನ ವೆಚ್ಚವನ್ನು ರಾಜ್ಯ ಸರ್ಕಾರ ಭರಿಸಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ವಿದ್ಯುತ್ತು, 200 ಯೂನಿಟ್‌ಗಳ ಮಿತಿಯಲ್ಲಿ, ಉಚಿತ. ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ಲನ್ನೇ ಕಟ್ಟಬೇಕು. ಶೂನ್ಯ ಬಿಲ್ಲೆಂದರೆ ವೆಚ್ಚ ಶೂನ್ಯವೆಂದಲ್ಲ, ಅದನ್ನು ಖಜಾನೆ ತೆರುತ್ತದೆ.

ದರ ನಿರ್ಣಯದ ವಿಧಾನ

ಕಂಪನಿಯ ಕೋರಿಕೆಯನ್ನು ಪ್ರಕಟಿಸಿದ ಮೇಲೆ ಆಯೋಗವು ಆಕ್ಷೇಪಣೆಗಳನ್ನು ಸ್ವೀಕರಿಸಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನೂ ಲಿಖಿತ ಆಕ್ಷೇಪಣೆ ಸಲ್ಲಿಸಿ ಅಲ್ಲಿ ಮಾತನಾಡಬಹುದು; ವಕೀಲರು ಬೇಕಿಲ್ಲ.