ಸೊಸೆ ಹೆಸರಿಗೆ ಜಾಗವಿಲ್ಲದ ಫಾರ್ಮು

1/6
ಹಳೇ ಲೆಡ್ಜರ್ ಸರಣಿಯಲ್ಲಿ ಈ ಸಲ ಕೋಟೆ, ಶಾಸನ ಯಾವುದೂ ಇಲ್ಲ. ಫೋಟೋದಲ್ಲಿ ಕಾಣ್ತಿರೋದು ನಮ್ಮಕ್ಕನ ಅತ್ತೆ-ಮಾವನ ಫೈಲು. ಎಫ್‌ಡಿ ರಸೀದಿ, ಪಹಣಿ, ಪೆನ್ಷನ್ ಪಾಸ್‌ಬುಕ್, ಸಿಎ ಬರೆದುಕೊಟ್ಟ ಆಸ್ತಿ ಸರ್ಟಿಫಿಕೇಟ್, ಜೊತೆಗೆ ಮದುವೆ ಆಲ್ಬಮ್ಮಿನಿಂದ ತೆಗೆದ ಎರಡು ಫೋಟೋ. ಅಕ್ಕ-ಭಾವ ಇರೋದು ಅಮೆರಿಕದಲ್ಲಿ. ಮಗುವಿಗೆ ನಾಲ್ಕು ತಿಂಗಳು. ಬಾಣಂತನಕ್ಕೆ ಅಂತ ಹೋದ ನಮ್ಮಮ್ಮ ಇನ್ನೂ ಅಲ್ಲೇ ಇದ್ದಾರೆ. ಅವರು ವಾಪಸ್ ಹೊರಡೋದರೊಳಗೆ ಇವರು ಹೋಗಿ ಸೇರಬೇಕು ಅನ್ನೋದು ಪ್ಲಾನು. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋನು ನಾನೊಬ್ಬನೇ ಅಂತ ಫಾರ್ಮ್ ತುಂಬೋ ಕೆಲಸ ನನ್ನ ತಲೆಗೆ ಬಂತು.

ಫಾರ್ಮಿನ ಹೆಸರು ಡಿಎಸ್-160. ಅದರಲ್ಲಿ 'ಅಮೆರಿಕದಲ್ಲಿ ಹತ್ತಿರದ ಸಂಬಂಧಿಕರು ಇದ್ದಾರಾ?' ಅಂತ ಒಂದು ಪ್ರಶ್ನೆ ಬರುತ್ತೆ. ಹತ್ತಿರದವರು ಯಾರು ಅಂತ ಫಾರ್ಮೇ ಹೇಳಿಬಿಡುತ್ತೆ: ಗಂಡ ಅಥವಾ ಹೆಂಡತಿ, ಮದುವೆ ನಿಶ್ಚಯ ಆದವರು, ಮಕ್ಕಳು, ಒಡಹುಟ್ಟಿದವರು. ಭಾವನ ಹೆಸರು ಹಾಕಿದೆ. ಪಕ್ಕದಲ್ಲೇ ಕೂತಿದ್ದ ಆಂಟಿ, "ನಿಮ್ಮಕ್ಕನ ಹೆಸರೂ ಹಾಕಪ್ಪಾ" ಅಂದ್ರು. ಹಾಕೋಕೆ ಜಾಗ ಇಲ್ಲ. ಸೊಸೆ ಆ ಪಟ್ಟಿಯಲ್ಲೇ ಇಲ್ಲ. ಮೊಮ್ಮಗಳೂ ಇಲ್ಲ.

ಅವತ್ತು ರಾತ್ರಿ ತಲೆಗೆ ಹುಳ ಬಿಟ್ಟ ಹಾಗಾಯ್ತು. ಈ ಪಟ್ಟಿ ಮಾಡಿದ್ದು ಯಾರು, ಯಾವಾಗ?

2/6
ಅದೇ ಫಾರ್ಮಿನಲ್ಲಿ ಪ್ರಯಾಣದ ಉದ್ದೇಶ ಅಂತ ಇನ್ನೊಂದು ಕಾಲಂ ಇದೆ. ಅಪ್ಪ-ಅಮ್ಮ, ಅತ್ತೆ-ಮಾವ ಯಾರೇ ಹೋಗ್ಲಿ, ಆರಿಸಬೇಕಾದ್ದು ಒಂದೇ: ಬಿಸಿನೆಸ್ ಅಥವಾ ಪ್ಲೆಷರ್‌ಗೆ ಬರುವ ತಾತ್ಕಾಲಿಕ ವಿಸಿಟರ್. ಬಿಸಿನೆಸ್ ಆದ್ರೆ ಬಿ-1, ಪ್ಲೆಷರ್ ಆದ್ರೆ ಬಿ-2. ರಾತ್ರಿ ಮೂರು ಗಂಟೆಗೆ ಎದ್ದು ಮಗು ಎತ್ಕೊಳ್ಳೋದು, ಬಾಣಂತಿಗೆ ಖಾರದ ಸಾರು ಮಾಡಿಕೊಡೋದು, ಕಾನೂನಿನ ಲೆಕ್ಕದಲ್ಲಿ ಅದೆಲ್ಲ ಪ್ಲೆಷರ್!

ಈ ಪದ 100 ವರ್ಷಕ್ಕಿಂತ ಹಳೇದು. 1924ರ ಅಮೆರಿಕದ ವಲಸೆ ಕಾನೂನು 'ಹೊರಗಿಂದ ಬರುವ ಪ್ರತಿಯೊಬ್ಬನೂ ವಲಸಿಗನೇ' ಅಂತ ಶುರು ಮಾಡಿ, ಆಮೇಲೆ ಕೆಲವರನ್ನು ಮಾತ್ರ ಹೊರಗಿಡುತ್ತೆ. ಹಾಗೆ ಹೊರಗಿಟ್ಟವರಲ್ಲಿ ಬಿಸಿನೆಸ್‌ಗೋ ಪ್ಲೆಷರ್‌ಗೋ ಸ್ವಲ್ಪ ದಿನಕ್ಕೆ ಬಂದು ಹೋಗುವವರೂ ಒಬ್ಬರು.

ಆಗ ಭಾರತೀಯರ ಪರಿಸ್ಥಿತಿ ಹೇಗಿತ್ತು ಗೊತ್ತಾ? 1917ರ ಕಾನೂನಿನಲ್ಲೇ ನಮ್ಮ ಇಡೀ ಭಾಗ ನಿಷೇಧಿತ ವಲಯ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂದುಬಿಟ್ಟಿತು. (ಈ ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲೇ ಇದ್ದವರು!) ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡೀತಿದ್ದ ಪಂಜಾಬಿಗಳಿಗೆ ಊರಿಂದ ಹೆಂಡತಿಯನ್ನು ಕರೆಸೋಕೂ ದಾರಿ ಇರಲಿಲ್ಲ. ಎಷ್ಟೋ ಜನ ಅಲ್ಲೇ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆ ಆದ್ರು. ಹೆಂಡತಿಯ ಗತಿಯೇ ಹೀಗಿರುವಾಗ ಅತ್ತೆ-ಮಾವನ ಮಾತೆಲ್ಲಿ? 1946ರಲ್ಲಿ ಬಾಗಿಲು ಒಂಚೂರು ತೆರೀತು. ವರ್ಷಕ್ಕೆ 100 ಭಾರತೀಯರು. ಇಡೀ ದೇಶಕ್ಕೆ ನೂರೇ.

3/6
ಈಗ ಬಿಕಾಂನವರು ಸ್ವಲ್ಪ ಕಿವಿ ಕೊಡಿ. ಬಿಸಿನೆಸ್ ಲಾ ಕ್ಲಾಸಿನಲ್ಲಿ ನಾವು ಓದಿದ್ದು, ಆರೋಪ ಮಾಡಿದವನೇ ಸಾಬೀತು ಮಾಡಬೇಕು ಅಂತ. ವೀಸಾ ಕೌಂಟರಿನಲ್ಲಿ ಅದು ಉಲ್ಟಾ.

1952ರ ಕಾನೂನಿನ 214(ಬಿ) ಸೆಕ್ಷನ್ ಪ್ರಕಾರ, ಅರ್ಜಿ ಹಾಕಿದವರು ಅಲ್ಲೇ ಉಳಿಯೋಕೆ ಬರ್ತಿರೋರು ಅಂತಲೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ ಅಂತ ತೋರಿಸಿಕೊಡೋ ಹೊಣೆ ಅರ್ಜಿದಾರರದ್ದು. ಊರಿನಲ್ಲಿ ತಾನು ಬಿಡೋ ಉದ್ದೇಶವೇ ಇಲ್ಲದ ಮನೆ ಇರಬೇಕು ಅಂತ ಬಿ ವೀಸಾದ ವ್ಯಾಖ್ಯಾನವೇ ಹೇಳುತ್ತೆ. ಈ ಕಾನೂನು ಅಧ್ಯಕ್ಷ ಟ್ರೂಮನ್‌ಗೆ ಇಷ್ಟ ಇರಲಿಲ್ಲ, ವೀಟೋ ಹಾಕಿದರು. ಎರಡೇ ದಿನದಲ್ಲಿ ಸಂಸತ್ತು ವೀಟೋವನ್ನು ತಳ್ಳಿಹಾಕಿ ಪಾಸು ಮಾಡಿತು. ಇವತ್ತಿಗೂ ಅದೇ ಕಾನೂನು, ಅದೇ ಸೆಕ್ಷನ್.

ಅಂಕಲ್ಲಿನ ಫೈಲ್ ಯಾಕೆ ಅಷ್ಟು ದಪ್ಪ ಅಂತ ಈಗ ಗೊತ್ತಾಯ್ತಲ್ಲ. ಪಹಣಿ ತಗೊಂಡು ಹೋಗೋದು 'ನೋಡಿ, ನನ್ನ ಅಡಿಕೆ ತೋಟ ಇಲ್ಲಿದೆ, ನಾನು ವಾಪಸ್ ಬಂದೇ ಬರ್ತೀನಿ' ಅಂತ ಹೇಳೋಕೆ. ಎಷ್ಟೋ ಸಲ ಫೈಲ್ ತೆರೆಯೋಕೂ ಹೇಳಲ್ಲ, ಎರಡು-ಮೂರು ನಿಮಿಷದ ಮಾತಿನಲ್ಲೇ ಮುಗಿಯುತ್ತೆ ಅಂತಾರೆ ಹೋಗಿ ಬಂದವರು. ಆದ್ರೂ ಯಾರೂ ಫೈಲ್ ಮನೆಯಲ್ಲಿ ಬಿಟ್ಟು ಹೋಗಲ್ಲ.

ನಮ್ಮ ದೇಶದ ಕಡೆಯಿಂದಲೂ ಮೊದಲು ಸುಲಭ ಇರಲಿಲ್ಲ. ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಇಷ್ಟ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗೋದೂ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂದಮೇಲೆ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು.

4/6
1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯ್ತು, ಭಾರತದ ಡಾಕ್ಟರು, ಎಂಜಿನಿಯರು ಹೋಗೋಕೆ ಶುರು ಮಾಡಿದರು. ಪೌರತ್ವ ಸಿಕ್ಕವರು, 21 ದಾಟಿದ್ದರೆ, ತಮ್ಮ ಅಪ್ಪ-ಅಮ್ಮನನ್ನು ಕೋಟಾ ಇಲ್ಲದೇ ಕರೆಸಿಕೊಳ್ಳಬಹುದು ಅಂತಾಯ್ತು. ಸರಿಯಾಗಿ ಓದಿ: ತಮ್ಮ ಅಪ್ಪ-ಅಮ್ಮ. ಅತ್ತೆ-ಮಾವನಿಗೆ ಅಂತ ವರ್ಗವೇ ಇಲ್ಲ.

1990ರ ಕಾನೂನು ಎಚ್-1ಬಿ ತಂತು. ಬೆಂಗಳೂರಿನ ಐಟಿ ಮಂದಿ ಹೋಗಿದ್ದು ಹೆಚ್ಚಾಗಿ ಅದರಲ್ಲೇ. ಅವರ ಜೊತೆ ಎಚ್-4ರಲ್ಲಿ ಹೋಗಬಹುದಾದವರು ಗಂಡ ಅಥವಾ ಹೆಂಡತಿ, 21ರೊಳಗಿನ ಮಕ್ಕಳು, ಅಷ್ಟೇ. ಹಿರಿಯರಿಗೆ ಉಳಿದಿದ್ದು ಆ 1924ರ ಪ್ಲೆಷರ್ ಬಾಗಿಲೊಂದೇ.

ಬಿ-2ರಲ್ಲಿ ಒಳಗೆ ಬಿಡುವಾಗ ಸಾಮಾನ್ಯವಾಗಿ 6 ತಿಂಗಳು ಇರೋಕೆ ಅವಕಾಶ ಕೊಡ್ತಾರೆ. ನಮ್ಮವರ ಬಾಣಂತನದ ಪದ್ಧತಿಯನ್ನೇ ಬದಲಾಯಿಸಿದ್ದು ಈ 6 ತಿಂಗಳು. ಮೊದಲ ಆರು ತಿಂಗಳು ಹುಡುಗಿ ಕಡೆಯವರು, ಮುಂದಿನ ಆರು ತಿಂಗಳು ಹುಡುಗನ ಕಡೆಯವರು. ನಿಮ್ಮ ಬೀದಿಯಲ್ಲೇ ಕೇಳಿ ನೋಡಿ, ಇದೇ ರಿಲೇ ಓಟ. ತವರುಮನೆ ಬಾಣಂತನ ಅನ್ನೋ ಮಾತಿಗೆ ಅರ್ಥ ಎಲ್ಲಿ ಉಳೀತು, ತವರೇ ವಿಮಾನ ಹತ್ತಿ ಹೋಗುತ್ತಲ್ಲ!

ಆ 6 ತಿಂಗಳೂ ಒಮ್ಮೆ ಹೋಗೋದರಲ್ಲಿತ್ತು. 2001ರ ಸೆಪ್ಟೆಂಬರ್ 11ರ ದಾಳಿ ಮಾಡಿದವರಲ್ಲಿ ಹೆಚ್ಚಿನವರು ವಿಸಿಟರ್ ವೀಸಾದಲ್ಲೇ ಬಂದಿದ್ದರು. 2002ರ ಏಪ್ರಿಲ್‌ನಲ್ಲಿ ಅಲ್ಲಿನ ವಲಸೆ ಇಲಾಖೆ, ಬಂದ ಉದ್ದೇಶಕ್ಕೆ ಎಷ್ಟು ದಿನ ಬೇಕೋ ಅಷ್ಟೇ ಕೊಡೋಣ, ಅದು ಸ್ಪಷ್ಟ ಇಲ್ಲದಿದ್ದರೆ 30 ದಿನ ಸಾಕು ಅಂತ ಕರಡು ನಿಯಮ ತಂತು. ಜಾರಿಗೆ ಬರಲಿಲ್ಲ. ಬಂದಿದ್ದರೆ ಒಂದು ಮಗುವಿನ ಮೊದಲ ವರ್ಷಕ್ಕೆ ಎಷ್ಟು ಅಜ್ಜಿಯರು ಬೇಕಾಗ್ತಿತ್ತು, ಲೆಕ್ಕ ಹಾಕಿ.

ಇಂಟರ್‌ವ್ಯೂ ಮಾತ್ರ ಬಿಗಿ ಆಯ್ತು. 2003ರ ಆಗಸ್ಟ್‌ನಿಂದ ಬಹುತೇಕ ಎಲ್ಲರೂ ಖುದ್ದಾಗಿ ಹಾಜರಾಗಬೇಕಾಯ್ತು. 2004ರಲ್ಲಿ 14ರಿಂದ 79 ವರ್ಷದವರಿಗೆ ಅದು ಕಾನೂನೇ ಆಯ್ತು. 2025ರ ಸೆಪ್ಟೆಂಬರ್‌ನಿಂದ 79 ದಾಟಿದವರಿಗೆ ಇದ್ದ ವಿನಾಯಿತಿಯೂ ಹೋಯ್ತು.

5/6
ಈ ಪೋಸ್ಟಿಗೋಸ್ಕರವೇ ಇಡೀ ಸರಣಿ ಬರೆದೆ ಅಂದ್ರೂ ತಪ್ಪಿಲ್ಲ.

2017ರಲ್ಲಿ ಟ್ರಂಪ್ ಸರ್ಕಾರ ಕೆಲವು ದೇಶದವರು ಬರೋದನ್ನೇ ನಿಲ್ಲಿಸಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ, ಸಿರಿಯಾ ಇತ್ತು. ಹವಾಯಿ ರಾಜ್ಯ ಕೋರ್ಟಿಗೆ ಹೋಯ್ತು. ಜೊತೆಗೆ ಅರ್ಜಿದಾರರಾಗಿ ನಿಂತವರು ಇಸ್ಮಾಯಿಲ್ ಎಲ್‌ಶೇಖ್ ಅನ್ನೋ ಇಮಾಮ್. ಅವರ ಅತ್ತೆ, ಅಂದ್ರೆ ಹೆಂಡತಿಯ ತಾಯಿ, ಸಿರಿಯಾದಲ್ಲಿದ್ದರು. ಮಗಳ ಮನೆಗೆ ಬರೋಕೆ ಆ ಆದೇಶ ಅಡ್ಡ ನಿಂತಿತ್ತು.

ಜೂನ್ 26ರಂದು ಸುಪ್ರೀಂ ಕೋರ್ಟ್ ನಿಷೇಧದ ಒಂದು ಭಾಗಕ್ಕೆ ಒಪ್ಪಿಗೆ ಕೊಡ್ತು. ಆದರೆ ಅಮೆರಿಕದಲ್ಲಿ ನಿಜವಾದ ಸಂಬಂಧ ಇರುವವರಿಗೆ ಅದು ಅನ್ವಯಿಸಲ್ಲ ಅಂತು. ಎಂಥ ಸಂಬಂಧ ಅನ್ನೋದಕ್ಕೆ ಉದಾಹರಣೆಯಾಗಿ ಆದೇಶದಲ್ಲೇ ಹೆಸರಿಸಿದ್ದು ಈ ಎಲ್‌ಶೇಖ್ ಅವರ ಅತ್ತೆಯನ್ನು. ಅಳಿಯ ಕೇಸ್ ಹಾಕಿ, ಅತ್ತೆ ಕೂಡ ಕುಟುಂಬವೇ ಅಂತ ದೇಶದ ಅತಿ ದೊಡ್ಡ ಕೋರ್ಟಿನಿಂದ ಬರೆಸಿಕೊಂಡ ಹಾಗಾಯ್ತು!

ಅದಾದ ಮೇಲೆ ಸರ್ಕಾರ ಪಟ್ಟಿ ಮಾಡಿತು. ಅತ್ತೆ-ಮಾವ, ಅಳಿಯ, ಸೊಸೆ ಎಲ್ಲ ಬಂದರು. ಅಜ್ಜ-ಅಜ್ಜಿ, ಮೊಮ್ಮಕ್ಕಳು ಬರಲಿಲ್ಲ! ಮತ್ತೆ ಕೋರ್ಟು. ಜುಲೈನಲ್ಲಿ ಹವಾಯಿಯ ನ್ಯಾಯಾಧೀಶ ಡೆರಿಕ್ ವಾಟ್ಸನ್, ಅಜ್ಜ-ಅಜ್ಜಿಯರಿಗಿಂತ ಹತ್ತಿರದವರು ಇನ್ಯಾರು ಅನ್ನೋ ಅರ್ಥದಲ್ಲಿ ಅವರನ್ನೂ ಸೇರಿಸಿದರು. ಸುಪ್ರೀಂ ಕೋರ್ಟ್ ಅದಕ್ಕೆ ಕೈ ಹಚ್ಚಲಿಲ್ಲ. ಮರುವರ್ಷ ನಿಷೇಧದ ಹೊಸ ರೂಪವನ್ನು 5-4ರಲ್ಲಿ ಎತ್ತಿ ಹಿಡಿಯಿತು, ಅದು ಬೇರೆ ಕಥೆ. ಸೊಸೆಯ ಹೆಸರು ಪಟ್ಟಿಗೆ ಬಂದದ್ದು ಆ ಒಂದು ನಿಷೇಧದ ಲೆಕ್ಕಕ್ಕೆ ಮಾತ್ರ. ಡಿಎಸ್-160ರಲ್ಲಿ ಇವತ್ತಿಗೂ ಇಲ್ಲ.

6/6
ಕೊರೋನಾ ಆದಮೇಲೆ, 2022ರ ಕೊನೆಗೆ ಭಾರತದ ಕೆಲವು ನಗರಗಳಲ್ಲಿ ಮೊದಲ ಸಲದ ಬಿ ವೀಸಾ ಇಂಟರ್‌ವ್ಯೂಗೆ 900 ದಿನ ದಾಟಿದ ಕಾಯುವಿಕೆ ಇತ್ತು. ಅಂದ್ರೆ ಹುಟ್ಟಿದ ಮೊಮ್ಮಗು ಪ್ರೀ-ಸ್ಕೂಲ್ ಸೇರೋವಷ್ಟು ಹೊತ್ತು. ಫೀಸು 2023ರ ಜೂನ್‌ನಲ್ಲಿ 160 ಡಾಲರ್‌ನಿಂದ 185 ಆಯ್ತು, ವೀಸಾ ಸಿಗಲಿ ಬಿಡಲಿ ವಾಪಸ್ ಇಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆದಾಗ ನಮ್ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ವೀಸಾ ಸೇವೆ ಅವತ್ತೇ ಶುರು ಆಗಲಿಲ್ಲ.

ಅಕ್ಕನ ಹೆಸರಿಗೆ ಕೊನೆಗೂ ಒಂದು ಜಾಗ ಸಿಕ್ತು. 'ಅಮೆರಿಕದಲ್ಲಿ ನಿಮ್ಮನ್ನು ಬಲ್ಲವರು' ಅನ್ನೋ ಪುಟ. ಸಂಬಂಧ ಏನು ಅನ್ನೋದಕ್ಕೆ ಸೊಸೆ ಅಂತ ಆಯ್ಕೆ ಇಲ್ಲ, 'ರಿಲೇಟಿವ್' ಅಂತ ಒತ್ತಿದೆ. ಆಂಟಿ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ರಿಲೇಟಿವ್ ಅಂದ್ರೆ ನೆಂಟರು ಅಲ್ವೇನಪ್ಪಾ? ಅವಳು ನಮಗೆ ನೆಂಟಳಾ?" ಅಂದ್ರು. ಅಂಕಲ್ ಮಾತ್ರ "ಒತ್ತು ಒತ್ತು, ಟೈಮ್ ಔಟ್ ಆಗುತ್ತೆ" ಅಂದ್ರು.

ಅಮ್ಮನ ಆರು ತಿಂಗಳು ಮುಗಿಯೋದು ಮುಂದಿನ ತಿಂಗಳು. ಇವರಿಗೆ ಸಿಕ್ಕ ಇಂಟರ್‌ವ್ಯೂ ಡೇಟ್ ಅದಾಗಿ ಮೂರು ವಾರಕ್ಕೆ. ನಡುವಿನ ದಿನಗಳಿಗೆ ಭಾವ ರಜೆ ಹಾಕಿದ್ದಾರೆ.