ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ನಿರಾಸೆ: ಓದುವ ಮನಸ್ಸು ಮರಳಿ ಬರುವುದು ಹೇಗೆ?

ಇತ್ತೀಚಿನ ವರ್ಷಗಳಲ್ಲಿ ಕ್ಯಾಟ್ ಪರೀಕ್ಷೆ ನವೆಂಬರ್ ಕೊನೆಯ ಭಾನುವಾರ ನಡೆದು, ಡಿಸೆಂಬರ್ ಮುಗಿಯುವುದರೊಳಗೆ ಫಲಿತಾಂಶ ಬರುತ್ತಿದೆ. 2024ರಲ್ಲಿ ಪರೀಕ್ಷೆ ನವೆಂಬರ್ 24ಕ್ಕೆ ನಡೆಯಿತು, ಫಲಿತಾಂಶ ಡಿಸೆಂಬರ್ 19ಕ್ಕೆ ಬಂತು. ಒಂದು ವರ್ಷದ ಓದಿಗೆ ಎರಡು ಗಂಟೆಯ ಪರೀಕ್ಷೆ, ಕೊನೆಗೆ ಪರದೆಯ ಮೇಲೆ ಒಂದು ಸಂಖ್ಯೆ. ಆ ಸಂಖ್ಯೆ ಅಂದುಕೊಂಡದ್ದಕ್ಕಿಂತ ಕಡಿಮೆಯಾದಾಗ ಅನೇಕರಿಗೆ ಪುಸ್ತಕ ಮುಟ್ಟಲೂ ಮನಸ್ಸಾಗುವುದಿಲ್ಲ. ಕೆಲವರಿಗೆ ಹಾಸಿಗೆಯಿಂದ ಏಳುವುದೇ ಕಷ್ಟವಾಗುತ್ತದೆ.

ವಿಶಾಖಪಟ್ಟಣ ಮತ್ತು ವಿಜಯವಾಡದಲ್ಲಿ ಓದುವ ಅಥವಾ ಕೆಲಸ ಮಾಡುತ್ತಲೇ ತಯಾರಿ ನಡೆಸುವ ಕನ್ನಡದ ಮಕ್ಕಳು, ಊರಿನಲ್ಲಿರುವ ಅವರ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯಲಾಗಿದೆ. ನೆರವಿನ ವಿಳಾಸಗಳನ್ನು ಬಿಟ್ಟರೆ ಉಳಿದ ಮಾತು ಎಲ್ಲ ಊರಿನವರಿಗೂ ಅನ್ವಯಿಸುತ್ತದೆ.

ಮುಖ್ಯಾಂಶಗಳು

• ಫಲಿತಾಂಶದ ನಂತರ ಕೆಲವು ದಿನ ಬೇಸರ, ಸಿಟ್ಟು, ನಾಚಿಕೆ ಆಗುವುದು ಸಹಜ. ಅದು ಕಾಯಿಲೆಯಲ್ಲ.
• ಉತ್ಸಾಹ ಬಂದ ಮೇಲೆ ಕೆಲಸ ಶುರು ಮಾಡೋಣ ಎಂದು ಕಾಯಬೇಡಿ. ಸಣ್ಣ ಕೆಲಸ ಮೊದಲು, ಉತ್ಸಾಹ ಆಮೇಲೆ.
• ಬೇಸರ ಎರಡು ವಾರ ದಾಟಿದರೆ, ಊಟ, ನಿದ್ದೆ, ದಿನಚರಿ ಕೆಟ್ಟರೆ ವೈದ್ಯರನ್ನು ಕಾಣಿ.
• ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಉತ್ಸಾಹ ಯಾಕೆ ಬತ್ತಿಹೋಗುತ್ತದೆ?

ತಯಾರಿಯ ತಿಂಗಳುಗಳಲ್ಲಿ ದಿನಕ್ಕೊಂದು ಗುರಿ ಇರುತ್ತದೆ: ಇಷ್ಟು ಲೆಕ್ಕ, ವಾರಕ್ಕೊಂದು ಮಾಕ್ ಟೆಸ್ಟ್. ಪರೀಕ್ಷೆ ಮುಗಿದ ದಿನವೇ ಆ ದಿನಚರಿ ನಿಲ್ಲುತ್ತದೆ. ಫಲಿತಾಂಶ ಕೆಟ್ಟರೆ, ಪಟ್ಟ ಶ್ರಮಕ್ಕೂ ಸಿಕ್ಕ ಫಲಕ್ಕೂ ಸಂಬಂಧವೇ ಇಲ್ಲ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಏನು ಮಾಡಿದರೂ ಅಷ್ಟೇ ಎನ್ನಿಸಿದಾಗ ಮನುಷ್ಯ ಕೋಣೆ ಸೇರುತ್ತಾನೆ, ಫೋನ್ ಎತ್ತುವುದಿಲ್ಲ, ರಾತ್ರಿಯೆಲ್ಲ ಮೊಬೈಲ್ ನೋಡಿ ಹಗಲು ಮಲಗುತ್ತಾನೆ. ಹೊರಗೆ ಹೋಗದ್ದರಿಂದ ಸಂತೋಷ ಕೊಡುವ ಯಾವುದೂ ನಡೆಯುವುದಿಲ್ಲ, ಬೇಸರ ಇನ್ನಷ್ಟು ಬೆಳೆಯುತ್ತದೆ. ಇದೊಂದು ಸುಳಿ. ಇದನ್ನು ಸೋಮಾರಿತನ ಎಂದು ಬೈದರೆ ಸುಳಿ ಇನ್ನೂ ಆಳವಾಗುತ್ತದೆ.

ಈ ಸುಳಿಯಿಂದ ಹೊರಬರಲು ಮನಶ್ಶಾಸ್ತ್ರಜ್ಞರು ಬಳಸುವ ಒಂದು ವಿಧಾನಕ್ಕೆ ಬಿಹೇವಿಯರಲ್ ಆಕ್ಟಿವೇಷನ್ ಎನ್ನುತ್ತಾರೆ. ಮನಸ್ಸು ಇರಲಿ ಇಲ್ಲದಿರಲಿ, ಮೊದಲೇ ನಿಗದಿ ಮಾಡಿದ ಸಣ್ಣ ಕೆಲಸವನ್ನು ನಿಗದಿಯಾದ ಹೊತ್ತಿಗೆ ಮಾಡುವುದು ಅದರ ತಿರುಳು. ಖಿನ್ನತೆಯ ಚಿಕಿತ್ಸೆಯಲ್ಲೂ ಇದು ಪರಿಣಾಮಕಾರಿ ಎಂದು ಸಾಬೀತಾಗಿದೆ.

ಆ ಸಂಖ್ಯೆಯ ಅರ್ಥವೇನು?

ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ, ನಿಮಗಿಂತ ಹಿಂದೆ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ. 2024ರಲ್ಲಿ ಸುಮಾರು 2.9 ಲಕ್ಷ ಜನ ಕ್ಯಾಟ್ ಬರೆದರು. ಅದರಲ್ಲಿ 90 ಪರ್ಸೆಂಟೈಲ್ ಬಂದವರ ಹಿಂದೆ ಸುಮಾರು 2.6 ಲಕ್ಷ ಜನರಿದ್ದರು, ಮುಂದೆ ಸುಮಾರು 29,000 ಜನ. ಅದೇ ಫಲಿತಾಂಶವನ್ನು ಮನೆಯಲ್ಲಿ "ಆಗಲಿಲ್ಲ" ಎನ್ನುತ್ತಾರೆ. ಸೀಟಿನ ದೃಷ್ಟಿಯಿಂದ ಆ ಮಾತು ನಿಜವಿರಬಹುದು, ಸಾಮರ್ಥ್ಯದ ಬಗ್ಗೆ ಅದು ತೀರ್ಪಲ್ಲ.

ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಎರಡು ಮೂರು ಪ್ರಶ್ನೆಗಳ ವ್ಯತ್ಯಾಸದಲ್ಲೇ ಪರ್ಸೆಂಟೈಲ್ ಮೇಲೆ ಕೆಳಗೆ ಆಗುತ್ತದೆ. ಜ್ವರ, ನಿದ್ದೆಯಿಲ್ಲದ ರಾತ್ರಿ, ಒಂದು ವಿಭಾಗದಲ್ಲಿ ಕೈ ಸೋತದ್ದು, ಎಲ್ಲವೂ ಆ ಸಂಖ್ಯೆಯೊಳಗೆ ಸೇರಿರುತ್ತವೆ.

ಮೊದಲ ಎರಡು ವಾರ

• ಮೊದಲ ಎರಡು ಮೂರು ದಿನ ದುಃಖಪಡಲು ಬಿಡುವು ಕೊಟ್ಟುಕೊಳ್ಳಿ. ಅಳು ಬಂದರೆ ಅಳಿ. ನಂಬಿಕೆಯ ಒಬ್ಬರಿಗಾದರೂ ನಿಜವಾದ ಫಲಿತಾಂಶ ಹೇಳಿ. ಮುಚ್ಚಿಡುವುದರಿಂದ ಭಾರ ಹೆಚ್ಚುತ್ತದೆ.
• ಮಲಗುವ ಹೊತ್ತು ಹೇಗೇ ಇರಲಿ, ಏಳುವ ಹೊತ್ತು ಒಂದೇ ಇರಲಿ. ಕೆಟ್ಟ ನಿದ್ದೆ ಸರಿಹೋಗುವುದು ಬೆಳಗಿನಿಂದ.
• ದಿನಕ್ಕೆ 20ರಿಂದ 30 ನಿಮಿಷ ಹೊರಗೆ ನಡೆಯಿರಿ. ವಿಶಾಖಪಟ್ಟಣದಲ್ಲಿದ್ದರೆ ಬೆಳಿಗ್ಗೆ ಆರ್.ಕೆ. ಬೀಚ್ ರಸ್ತೆ, ವಿಜಯವಾಡದಲ್ಲಿದ್ದರೆ ಬಿಸಿಲೇರುವ ಮೊದಲು ಕೃಷ್ಣಾ ನದಿಯ ದಡ. ಜೊತೆಗೊಬ್ಬರಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ.
• ಪ್ರತಿದಿನ ಮೂರು ಕೆಲಸ ಬರೆದುಕೊಳ್ಳಿ: ಒಂದು ಮೈಗೆ, ಒಂದು ಮನೆಗೆ, ಒಂದು ನಿಮ್ಮ ಖುಷಿಗೆ. ಸ್ನಾನ, ಬಟ್ಟೆ ಒಗೆಯುವುದು, ಗೆಳೆಯನಿಗೊಂದು ಕರೆ. ಇಷ್ಟೇ ಚಿಕ್ಕದಿರಲಿ. ಮಾಡಿದ್ದಕ್ಕೆ ಗುರುತು ಹಾಕಿ, ತಪ್ಪಿದ್ದನ್ನು ಮರುದಿನಕ್ಕೆ ಬಿಡಿ.
• ಅಂಕ ಹಂಚಿಕೊಳ್ಳುವ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳನ್ನು ಹದಿನೈದು ದಿನ ಮ್ಯೂಟ್ ಮಾಡಿ.
• ದಿನಾಂಕ ಮೀರುವಂಥ ಅರ್ಜಿಗಳಿದ್ದರೆ ಅವನ್ನು ಮಾತ್ರ ಯಾರದಾದರೂ ನೆರವಿನಿಂದ ತುಂಬಿ. ಬೇರೆ ದೊಡ್ಡ ತೀರ್ಮಾನ ಈಗ ಬೇಡ.

ಮತ್ತೆ ಬರೆಯಬೇಕೇ?

ಮನಸ್ಸು ಸ್ವಲ್ಪ ತಿಳಿಯಾದ ಮೇಲೆ, ಹಗಲು ಹೊತ್ತಿನಲ್ಲಿ, ಒಂದು ಗಂಟೆ ಮಾತ್ರ ಅಂಕಪಟ್ಟಿ ಎದುರಿಟ್ಟುಕೊಂಡು ಕುಳಿತುಕೊಳ್ಳಿ. ಇಂಗ್ಲಿಷ್, ತರ್ಕ, ಗಣಿತ ಈ ಮೂರು ವಿಭಾಗಗಳಲ್ಲಿ ಯಾವುದು ಎಳೆಯಿತು? ಗೊತ್ತಿಲ್ಲದೆ ತಪ್ಪಿತೇ, ಸಮಯ ಸಾಲದೆ ಬಿಟ್ಟಿತೇ? ಇನ್ನೊಂದು ವರ್ಷಕ್ಕೆ ಹಣ ಮತ್ತು ಆರೋಗ್ಯ ಎರಡೂ ಇವೆಯೇ? ಕೆಲಸದಲ್ಲಿದ್ದುಕೊಂಡೇ ಓದಬಹುದೇ?

ಕ್ಯಾಟ್‌ಗೆ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅದೊಂದೇ ಬಾಗಿಲೂ ಅಲ್ಲ. ಜನವರಿಯಲ್ಲಿ ಕ್ಸಾಟ್ ನಡೆಯುತ್ತದೆ. ಆಂಧ್ರದ ಕಾಲೇಜುಗಳಿಗೆ ಎಪಿ ಐಸೆಟ್ ಇದೆ, ಅದು 2024 ಮತ್ತು 2025ರಲ್ಲಿ ಮೇ ತಿಂಗಳಲ್ಲಿ ನಡೆಯಿತು. ಕರ್ನಾಟಕಕ್ಕೆ ಮರಳುವವರಿಗೆ ಪಿಜಿಸಿಇಟಿ ಇದೆ. ಐಐಎಂಗಳು ಕೂಡ ಪರ್ಸೆಂಟೈಲ್ ಒಂದನ್ನೇ ನೋಡುವುದಿಲ್ಲ. ಹತ್ತನೇ ತರಗತಿ, ಪಿಯುಸಿ, ಪದವಿಯ ಅಂಕ, ಕೆಲಸದ ಅನುಭವ, ಸಂದರ್ಶನ ಇವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಲೆಕ್ಕಕ್ಕೆ ಹಿಡಿಯುತ್ತವೆ. ಮತ್ತೆ ಬರೆಯದಿರಲು ತೀರ್ಮಾನಿಸಿದರೆ ಅದೂ ಸೋಲಲ್ಲ. ಬರೆಯುವುದಾದರೆ ಮೊದಲ ವಾರ ದಿನಕ್ಕೆ 25 ನಿಮಿಷ, ನಿಮಗೆ ಚೆನ್ನಾಗಿ ಬರುವ ವಿಷಯದಿಂದಲೇ ಶುರು ಮಾಡಿ.

ಬೇಸರವೋ, ಖಿನ್ನತೆಯೋ?

ಬೇಸರ ಅಲೆಯಂತೆ ಬಂದು ಹೋಗುತ್ತದೆ. ನಡುವೆ ನಗು ಬರುತ್ತದೆ, ಊಟ ರುಚಿಸುತ್ತದೆ. ಖಿನ್ನತೆ ಹಾಗಲ್ಲ. ಈ ಕೆಳಗಿನ ಲಕ್ಷಣಗಳಲ್ಲಿ ಹಲವು, ಹೆಚ್ಚಿನ ದಿನ, ಎರಡು ವಾರಕ್ಕೂ ಮೀರಿ ಇದ್ದರೆ ವೈದ್ಯರನ್ನು ಕಾಣಬೇಕು:

• ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು
• ನಿದ್ದೆ ಬಾರದಿರುವುದು ಅಥವಾ ಅತಿಯಾದ ನಿದ್ದೆ
• ಹಸಿವು ಅಥವಾ ತೂಕದಲ್ಲಿ ಬದಲಾವಣೆ
• ಸದಾ ಸುಸ್ತು, ಒಂದು ಪುಟ ಓದಲೂ ಗಮನ ನಿಲ್ಲದಿರುವುದು
• ತಾನು ನಾಲಾಯಕ್ಕು, ಮನೆಯವರಿಗೆ ಹೊರೆ ಎಂಬ ಭಾವನೆ
• ಸಾವಿನ ಯೋಚನೆ (ಇದೊಂದಿದ್ದರೂ ಸಾಕು, ಎರಡು ವಾರ ಕಾಯುವಂತಿಲ್ಲ)

ರಕ್ತಹೀನತೆ, ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆಯಿಂದಲೂ ಸುಸ್ತು ಮತ್ತು ಮಂಕು ಬರಬಹುದು. ಹಾಗಾಗಿ ವೈದ್ಯರು ರಕ್ತ ಪರೀಕ್ಷೆ ಹೇಳಿದರೆ ಮಾಡಿಸಿ.

ಔಷಧಿಗಳ ಬಗ್ಗೆ ತಿಳಿದಿರಬೇಕಾದದ್ದು

ಔಷಧಿ ಅಂಗಡಿಗೆ ಬಂದು "ನಿದ್ದೆಗೆ ಒಂದು ಮಾತ್ರೆ ಕೊಡಿ" ಎಂದು ಕೇಳುವವರು ಬಹಳ. ಆಲ್‌ಪ್ರಜೋಲಂ, ಜೋಲ್ಪಿಡೆಮ್‌ನಂಥ ಮಾತ್ರೆಗಳು ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಇವು ಅಭ್ಯಾಸವಾಗುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಗೆಳೆಯರ ಮಾತ್ರೆ ನುಂಗಬೇಡಿ. ಗಮನ ಹೆಚ್ಚಿಸುತ್ತದೆ ಎಂದು ಸಿಗುವ ಮಾತ್ರೆಗಳಿಗೂ ಇದೇ ಮಾತು. ಸಂಜೆಯ ನಂತರ ಕಾಫಿ, ಎನರ್ಜಿ ಡ್ರಿಂಕ್ ಬೇಡ, ಅವುಗಳ ಪ್ರಭಾವ ಹಲವು ಗಂಟೆ ಉಳಿಯುತ್ತದೆ.

ವೈದ್ಯರು ಖಿನ್ನತೆಗೆ ಔಷಧಿ ಬರೆದರೆ ಇವು ನೆನಪಿರಲಿ:

• ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಪೂರ್ಣ ಪರಿಣಾಮಕ್ಕೆ ಆರರಿಂದ ಎಂಟು ವಾರ ಬೇಕು. ನಾಲ್ಕು ದಿನಕ್ಕೆ "ಕೆಲಸ ಮಾಡಲಿಲ್ಲ" ಎಂದು ಬಿಡಬೇಡಿ.
• ಮೊದಲ ವಾರ ವಾಕರಿಕೆ, ತಲೆನೋವು, ಚಡಪಡಿಕೆ ಇರಬಹುದು.
• 25 ವರ್ಷದೊಳಗಿನವರಲ್ಲಿ ಮೊದಲ ಕೆಲವು ವಾರ ಸಾವಿನ ಯೋಚನೆ ಹೆಚ್ಚುವ ಸಾಧ್ಯತೆ ಇದೆ. ಆ ದಿನಗಳಲ್ಲಿ ಮನೆಯವರು ಗಮನವಿಡಬೇಕು, ಚಡಪಡಿಕೆ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.
• ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಬೇಕಾಗುತ್ತದೆ. ತಾವಾಗಿ ನಿಲ್ಲಿಸಬೇಡಿ, ವೈದ್ಯರೇ ಪ್ರಮಾಣ ಇಳಿಸುತ್ತಾ ನಿಲ್ಲಿಸುತ್ತಾರೆ.
• ಅಶ್ವಗಂಧದಂಥವನ್ನು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಮನೆಯವರು ಏನು ಮಾಡಬಹುದು?

ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಗಾದೆ ನಮ್ಮಲ್ಲಿದೆ. ಮನೆಯಿಂದ ಆ ಕಲ್ಲು ಬೀಳದಿರಲಿ. "ಇಷ್ಟು ಖರ್ಚು ಮಾಡಿದ್ದು ಇದಕ್ಕಾ?", "ಪಕ್ಕದ ಮನೆಯವನಿಗೆ ಸೀಟು ಸಿಕ್ತಂತೆ" ಎಂಬ ಮಾತು ಬೇಡ. "ಹೋಗ್ಲಿ ಬಿಡು, ಅದೇನು ದೊಡ್ಡದು" ಎನ್ನುವುದೂ ಬೇಡ. ಅವರಿಗೆ ಅದು ದೊಡ್ಡದೇ.

ದೂರದ ಊರಿನಲ್ಲಿರುವ ಮಗ ಅಥವಾ ಮಗಳಿಗೆ ದಿನಾ ಒಂದೇ ಹೊತ್ತಿಗೆ ಕರೆ ಮಾಡಿ. "ಊಟ ಆಯ್ತಾ, ನಿದ್ದೆ ಬಂತಾ?" ಎಂದು ಕೇಳಿ. ಪರೀಕ್ಷೆಯ ಮಾತನ್ನು ಅವರೇ ಎತ್ತಲಿ. ಮಾತು ತಪ್ಪಿಸುತ್ತಿದ್ದರೆ ಒಬ್ಬರು ಹೋಗಿ ನಾಲ್ಕು ದಿನ ಜೊತೆಗಿದ್ದು ಬನ್ನಿ. ನೆಂಟರಿಗೆ ಫಲಿತಾಂಶ ಹೇಳುವ ಕೆಲಸವನ್ನು ನೀವೇ ವಹಿಸಿಕೊಳ್ಳಿ.

ಅನುಮಾನ ಬಂದರೆ ನೇರವಾಗಿ ಕೇಳಿ: "ಬದುಕೋದೇ ಬೇಡ ಅನ್ನಿಸ್ತಿದೆಯಾ?" ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಉಳಿದ ಮಾತ್ರೆ, ಕೀಟನಾಶಕ ಕೈಗೆ ಸಿಗದಂತೆ ಬೀಗ ಹಾಕಿಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,248 ಜನ ಪರೀಕ್ಷೆಯಲ್ಲಿ ವಿಫಲರಾದ ಕಾರಣಕ್ಕೆ ಜೀವ ಕಳೆದುಕೊಂಡರು. ಹೊತ್ತಿಗೆ ಸರಿಯಾಗಿ ನೆರವು ಸಿಕ್ಕರೆ ಇಂಥ ಸಾವುಗಳನ್ನು ತಡೆಯಬಹುದು.

ನೆರವು ಎಲ್ಲಿ ಸಿಗುತ್ತದೆ?

• ಟೆಲಿ ಮಾನಸ್: 14416. ದಿನದ 24 ಗಂಟೆ, ಉಚಿತ. ಆಂಧ್ರದಲ್ಲಿದ್ದರೂ ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಬಹುದು.
• ವಿಶಾಖಪಟ್ಟಣ: ವಾಲ್ತೇರಿನ ಸರ್ಕಾರಿ ಮಾನಸಿಕ ಆಸ್ಪತ್ರೆ.
• ವಿಜಯವಾಡ: ಸರ್ಕಾರಿ ಜನರಲ್ ಆಸ್ಪತ್ರೆಯ ಮನೋವೈದ್ಯ ವಿಭಾಗ, ಸಮೀಪದ ಮಂಗಳಗಿರಿಯ ಏಮ್ಸ್.
• ತುರ್ತು ಸಂದರ್ಭದಲ್ಲಿ: 108 ಅಥವಾ 112.

ಕಾಲೇಜು, ಕೋಚಿಂಗ್ ಕೇಂದ್ರದಲ್ಲೂ ನೆರವು ಕೇಳುವುದು ನಿಮ್ಮ ಹಕ್ಕು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು 2023ರಲ್ಲಿ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಅದರಂತೆ 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಎದ್ದು ಕಾಣುವಂತೆ ಹಾಕಿರಬೇಕು. ಅಂಕ ನೋಡಿ ಬ್ಯಾಚ್ ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು ಕೂಡದು ಎಂದೂ ಅದು ಹೇಳಿದೆ.

ಇವತ್ತು ಇದನ್ನು ಓದಿದ ಮೇಲೆ ಒಂದೇ ಒಂದು ಕೆಲಸ ಮಾಡಿ: ನಾಳೆ ಏಳುವ ಹೊತ್ತಿಗೆ ಅಲಾರಂ ಇಡಿ, ಜೊತೆಯಲ್ಲಿ ನಡೆಯಲು ಬರುವಂತೆ ಒಬ್ಬರಿಗೆ ಹೇಳಿ. ಓದಿನ ಮಾತು ಆಮೇಲೆ.

ಈ ಮಾಹಿತಿ ಸಾಮಾನ್ಯ ತಿಳಿವಳಿಕೆಗೆ ಮಾತ್ರ. ಚಿಕಿತ್ಸೆ ಮತ್ತು ಔಷಧಿಯ ಬಗ್ಗೆ ನಿಮ್ಮ ವೈದ್ಯರ ಸಲಹೆ ಪಡೆಯಿರಿ.